ತಾರಿನ ಕೆಲಸ

ವೈಜಿನಾಥ ಡಾಕ್ಟರರ ಹಳೆಯ ರಿಜಿಸ್ಟರು
ಈಗ ನನ್ನ ಕಪಾಟಿನಲ್ಲಿದೆ.
ಕ್ಯಾಮೆರಾ ಬರುವ ಮೊದಲು ಅವರು
ಹಣೆಗೆ ದೀಪ ಕಟ್ಟಿ, ಬೆರಳ ನಡುವೆ ಮಸೂರ ಹಿಡಿದು
ಒಬ್ಬೊಬ್ಬರ ಕಣ್ಣೊಳಗೂ ಬಗ್ಗಿ ನೋಡಿ
ಬಣ್ಣದ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು:
ಹೋಗುವ ರಕ್ತಕ್ಕೆ ಕೆಂಪು, ಮರಳುವ ರಕ್ತಕ್ಕೆ ನೀಲಿ,
ಸೋರಿ ಹೆಪ್ಪುಗಟ್ಟಿದ್ದಕ್ಕೆ ಹಳದಿ.
ಮಸೂರದಲ್ಲಿ ಎಲ್ಲವೂ ತಲೆಕೆಳಗು;
ಅದಕ್ಕೆ ರಿಜಿಸ್ಟರನ್ನೇ ತಲೆಕೆಳಗಿಟ್ಟು ಬರೆಯುವರು.
ಹಳದಿ ಪೆನ್ಸಿಲೇ ಮೊದಲು ಮುಗಿಯುತ್ತಿತ್ತು.

ನಾನು ಸೇರಿದ್ದು ರೀಲಿನ ಕಾಲಕ್ಕೆ.
ಬಹಳ ಹಿಂದೆ, ದೂರದೇಶದಲ್ಲಿ,
ಇಂಥ ಒಂದು ಚಿತ್ರಕ್ಕಾಗಿ ಯಾರೋ
ಎರಡೂವರೆ ನಿಮಿಷ ಕಣ್ಣು ಅಲುಗಿಸದೆ ಕೂತಿದ್ದರಂತೆ.
ರೆಪ್ಪೆ ಬಡೀಬ್ಯಾಡ್ರಿ ಅಂದರೆ ಸಾಕು,
ನಮ್ಮ ಬೀದರಿನ ಜನ ಬಡಿಯುತ್ತಾರೆ.

ಮುಯೀದುದ್ದೀನ್ ಸಾಹೇಬರು ಬಂದದ್ದು ಒಂದು ಬೇಸಿಗೆ.
ಚೌಬಾರಾದ ಹಿಂದಿನ ಗಲ್ಲಿಯಲ್ಲಿ ಬಿದ್ರಿ ಕೆಲಸ,
ಸಕ್ಕರೆ ಕಾಯಿಲೆ, ಹದಿನಾಲ್ಕು ವರ್ಷದ್ದು.
"ತಾರು ಡೊಂಕಾಗಿ ಕಾಣ್ತದ,
ಉಳಿ ಗೀರು ಬಿಟ್ಟು ಹೋಗ್ತದ" ಅಂದರು.

ಮೊಣಕೈಯ ನರಕ್ಕೆ ಹಳದಿ ಮದ್ದು ಚುಚ್ಚಿ
ನಾನು ಎಣಿಸಿದೆ. ಎಂಟು, ಒಂಬತ್ತು, ಹತ್ತು,
ಹನ್ನೊಂದಕ್ಕೆ ಕಣ್ಣೊಳಗೆ ಬೆಳಕು ಬಂತು,
ಹನ್ನೆರಡಕ್ಕೆ ಅವರಿಗೆ ಓಕರಿಕೆ.
ಸಂಜೆತನಕ ಮೈಬಣ್ಣ
ಅರಿಶಿನ ಹಚ್ಚಿದ ಮದುಮಗನ ಹಾಗೆ.

ಆಸ್ಪತ್ರೆಯ ಬಚ್ಚಲೇ ನಮ್ಮ ಕತ್ತಲಕೋಣೆ,
ಕಿಟಕಿಗೆ ಕಂಬಳಿ, ಮೂಲೆಗೊಂದು ಕೆಂಪು ಬಲ್ಬು.
ಪ್ರಿಂಟು ತೊಳೆದು ತಂದೆ:
ಕಪ್ಪು ನೆಲ, ಅದರ ಮೇಲೆ
ಬೆಳ್ಳಗೆ ಕವಲು, ಕವಲಿಗೆ ಕವಲು.

ಸಾಹೇಬರು ಬಲಗಣ್ಣಿನ ಹತ್ತಿರ ಹಿಡಿದು
ಬಹಳ ಹೊತ್ತು ನೋಡಿದರು. ಹೆಬ್ಬೆರಳಿನಲ್ಲಿ ಸವರಿ,
"ಯೇ ಕಾಮ್ ಕೌನ್ ಕರಾ?"
ನಿಮ್ಮ ಕಣ್ಣೇ ಅದು ಸಾಹೇಬ್ರ, ಎಡಗಣ್ಣು, ಅಂದೆ.
ಕೇಳಿಸಿದಂತೆ ಕಾಣಲಿಲ್ಲ.
"ನೋಡಮ್ಮಾ, ಇಲ್ಲಿತನಕ ಕೈ ಭಾಳ ಚಂದ ಅದ.
ಇಷ್ಟು ಸಣ್ಣ ತಾರು ನಮ್ಮ ಅಬ್ಬಾಗೂ ಬರ್ತಿದ್ದಿಲ್ಲ.
ಇಲ್ಲಿ ನೋಡು, ಗೀರು ಆಳ ಇಲ್ಲ,
ಬೆಳ್ಳಿ ಹೊರಗ ಹರದದ.
ಹೊಡಿಯೋವಾಗ ಅವನ ಖಯಾಲ ಬ್ಯಾರೆ ಕಡಿ ಇತ್ತು."

ಅವರ ಉಗುರು ನಿಂತ ಜಾಗದಲ್ಲೇ
ಡಾಕ್ಟರರು ಆಮೇಲೆ
ಲೇಸರಿಗೆ ಗುರುತು ಹಾಕಿದರು.

ಈಗಿನ ಯಂತ್ರಕ್ಕೆ ಸೂಜಿ ಬೇಡ, ರೀಲು ಬೇಡ, ಬಚ್ಚಲು ಬೇಡ.
ಬರೀ ಬೆಳಕು ಕಣ್ಣಿನ ಪರದೆಯನ್ನು ಸೀಳಿ ತೋರಿಸುತ್ತದೆ,
ಪದರದ ಮೇಲೆ ಪದರ, ನೌಬಾದಿನ ಸುರಂಗಬಾವಿಯ ಗೋಡೆ,
ಎಲ್ಲಿ ನೀರು ನಿಂತಿದೆ ಅದೂ.
ಮೂರು ಸೆಕೆಂಡು. ಹುಡುಗ ಮುಂದಿನವರನ್ನು ಕರೆಯುತ್ತಾನೆ.

ಆ ಪ್ರಿಂಟು ರಿಜಿಸ್ಟರಿನಲ್ಲಿಲ್ಲ.
ಸಾಹೇಬರು ಕೇಳಿ ಒಯ್ದರು.
ಕೋಟೆಮಣ್ಣಿನ ಡಬ್ಬಿಯ ಮೇಲೆ ಗೋಡೆಗೆ ಹಚ್ಚಿದ್ದಾರಂತೆ.
ಕಲಿಯಲು ಬಂದ ಹುಡುಗರಿಗೆ
ಈ ಮೂಲಿ ನೋಡ್ರೋ, ಅನ್ನುತ್ತಾರಂತೆ.
ಯಾರ ಕೆಲಸವೆಂದು
ಹೇಳುವುದಿಲ್ಲವಂತೆ.