ಇಪ್ಪತ್ತೈದು ಗೆಣ್ಣಿನ ಏಣಿ

ಬರೆದುಕೊಳ್ಳಿ, ದೇಚಮ್ಮ ವಕೀಲರೆ.
ಹೆಸರು ಸೈದಲವಿ, ವಯಸ್ಸು ನಲವತ್ತಮೂರು,
ನೆಲ್ಯಹುದಿಕೇರಿ, ಹೊಳೆಯಿಂದ ಮೂರನೇ ಲೈನ್‌ಮನೆ.
ಕಸುಬು ಎಂಬಲ್ಲಿ ಹೋದ ಸಲ ಕೂಲಿ ಎಂದಷ್ಟೇ ಹಾಕಿದಿರಿ.
ಈ ಸಲ ಮೆಣಸು ಕುಯ್ಯುವವನು ಎಂದು ಹಾಕಿ.
ಕೂಲಿ ನೆಲದ ಮೇಲಿನದು. ಮೆಣಸು ನೆಲದ ಮೇಲಿಲ್ಲ.

ಆ ದಿನದ್ದು ಮತ್ತೆ ಹೇಳಬೇಕೆ?
ಸಂಜೆ ಆರೂಕಾಲು. ಅಭ್ಯತ್‌ಮಂಗಲದ ತಿರುವು.
ಹೋಂಸ್ಟೇ ಹುಡುಕುತ್ತಿದ್ದ ಕಾರು,
ಓಡಿಸುವವನ ಕಣ್ಣು ಮೊಬೈಲಿನ ನಕ್ಷೆಯಲ್ಲಿ.
ನಕ್ಷೆಯಲ್ಲಿ ನಾನಿರಲಿಲ್ಲ.
ಹೆಗಲ ಮೇಲೆ ಖಾಲಿ ಚೀಲ, ಸೊಂಟದಲ್ಲಿ ಹಗ್ಗ,
ಬಲಗಾಲು ಟಾರಿನ ಅಂಚಿನಲ್ಲಿ.
ವಿಮೆಯವರು ಕೇಳಿದರು, ಕೈಯಲ್ಲಿ ಟಾರ್ಚು ಯಾಕಿರಲಿಲ್ಲ?
ಸ್ವಾಮಿ, ಮಾರ್ಚ್ ತಿಂಗಳ ಆರೂಕಾಲಿಗೆ
ಯಾವ ಗೊಂಚಲು ಹಣ್ಣು, ಯಾವುದು ಹಸಿ ಎಂದು
ಮರದ ಬುಡದಿಂದಲೇ ಹೇಳುವಷ್ಟು ಬೆಳಕಿರುತ್ತದೆ.

ಮಡಿಕೇರಿಯ ಡಾಕ್ಟರು ಪಾದ ಮಡಿಸಿ, ತಿರುಗಿಸಿ,
ಕೋನ ಅಳೆದು ಬರೆದರು: ಆ ಕಾಲಿಗೆ ಮೂವತ್ತಾರು ಪರ್ಸೆಂಟ್.
ಕೋರ್ಟು ಅದನ್ನು ಮೂರರಿಂದ ಭಾಗಿಸಿತು.
ಇಡೀ ದೇಹಕ್ಕೆ ಹನ್ನೆರಡು.
ನನ್ನ ಕೈ, ಕಣ್ಣು, ಕಿವಿ, ಎದೆ ಎಲ್ಲ ಸೇರಿ
ಕಾಲಿನ ನೋವನ್ನು ತಲೆಗಿಷ್ಟು ಎಂದು ಹಂಚಿಕೊಂಡವಂತೆ.
ನನಗೆ ಗೊತ್ತೇ ಆಗಲಿಲ್ಲ.

ನಾನೂ ಲೆಕ್ಕ ಹಾಕಿದೆ, ನಾಲ್ಕನೇ ಕ್ಲಾಸಿನ ಲೆಕ್ಕ.
ನನ್ನದು ಒಂಟಿ ಬಿದಿರಿನ ಏಣಿ,
ಗೆಣ್ಣಿಗೊಂದು ಹೆಜ್ಜೆ, ಒಟ್ಟು ಇಪ್ಪತ್ತೈದು ಗೆಣ್ಣು.
ಹನ್ನೆರಡು ಪರ್ಸೆಂಟ್ ಅಂದರೆ ಸರಿಯಾಗಿ ಮೂರು.
ಮೂರು ಕಳೆದು ಇಪ್ಪತ್ತೆರಡನ್ನು ನಾನು ಹತ್ತಬೇಕು, ಅಲ್ಲವೆ?
ಒಂದು ಭಾನುವಾರ, ಕದೀಜ ಸಂತೆಗೆ ಹೋಗಿದ್ದಾಗ,
ಸಿಲ್ವರ್ ಮರಕ್ಕೆ ಏಣಿ ಒರಗಿಸಿ ಕಟ್ಟಿದೆ.
ಒಂದು. ಎರಡು. ಮೂರು.
ನಾಲ್ಕರಲ್ಲಿ ಪಾದ ಮಡಚಲಿಲ್ಲ.
ಅಲ್ಲೇ ನಿಂತೆ, ಇಳಿಯುವುದು ಹೇಗೆಂದು ತಿಳಿಯದೆ,
ಎಷ್ಟು ಹೊತ್ತೋ.
ಪಕ್ಕದ ಮನೆಯ ನಾಯಿ ಬಂದು, ಕೂತು, ನೋಡಿತು.
ಇದನ್ನು ಬರೆಯುವುದು ಬೇಡ.

ತೋಟದ ರೈಟರ್ ಉತ್ತಯ್ಯ ಯಾವ ಕಾನೂನೂ ಓದಿದವನಲ್ಲ.
ಈಗ ಮಗ ಶಮ್ಮಾಸ್ ಹತ್ತುತ್ತಾನೆ, ನಾನು ಏಣಿ ಹಿಡಿಯುತ್ತೇನೆ.
ಹಿಡಿಯುವವನಿಗೆ ಅರ್ಧ ಕೂಲಿ.
ಐವತ್ತು ಪರ್ಸೆಂಟ್! ಎಕ್ಸ್‌ರೇ ಇಲ್ಲದೆ, ಸಾಕ್ಷಿ ಇಲ್ಲದೆ,
ಮೊದಲ ದಿನವೇ ಚೆಕ್‌ರೋಲಿನಲ್ಲಿ ತೀರ್ಪು ಬರೆದುಬಿಟ್ಟ.
ಆ ಪುಸ್ತಕ ಕೋರ್ಟಿಗೆ ಬರುತ್ತದೆಯೇ, ಕೇಳಿ ನೋಡಿ.
ಬರುವುದಿಲ್ಲ. ನಮ್ಮ ಹೆಸರು ಅದರಲ್ಲಿ ಪೆನ್ಸಿಲಿನಲ್ಲಿದೆ.

ಮೇಲಿನಿಂದ ಕೆಂಪಿರುವೆ, ಒಣಗಿದ ಎಲೆ, ತೊಗಟೆಯ ಪುಡಿ
ಮುಖಕ್ಕೆ ಉದುರುತ್ತವೆ.
ಒರೆಸಿಕೊಳ್ಳಲು ಕೈ ಬಿಡುವಂತಿಲ್ಲ.
ಹತ್ತೊಂಬತ್ತು ವರ್ಷದ ಎರಡು ಹಿಮ್ಮಡಿ
ಬಳ್ಳಿಯ ನಡುವೆ ಬೆಳ್ಳಗೆ, ಚಿಕ್ಕದಾಗಿ.
"ಉಪ್ಪಾ, ಅಲ್ಲಾಡಿಸಬೇಡ" ಅನ್ನುತ್ತಾನೆ.
ನಾನಲ್ಲ ಕಾಲು, ಎಂದು ನಾನು ಹೇಳುವುದಿಲ್ಲ.
ಇದಕ್ಕೆ ಯಾವ ಕಾಲಮ್ಮಿನಲ್ಲಿ ಎಷ್ಟು ಕೇಳಬಹುದು?

ಒಂದು ಲಕ್ಷ ಎಂಬತ್ತಾರು ಸಾವಿರ ಬಂದದ್ದು ಹೌದು.
ಆಸ್ಪತ್ರೆಯ ಬಾಕಿ, ಕಾಲೊಳಗಿನ ರಾಡು, ಮೈಸೂರಿನ ಆಂಬುಲೆನ್ಸು,
ಅಡವಿಟ್ಟ ಬಳೆಗಳಲ್ಲಿ ಒಂದನ್ನು ಬಿಡಿಸಿದ್ದು.
ಇನ್ನೊಂದು ಇನ್ನೂ ಸಿದ್ದಾಪುರದ ಸೊಸೈಟಿಯಲ್ಲಿ.

ಕೊನೆಯ ಹಾಳೆ ಯಾವುದು, ತಡದ ಅರ್ಜಿಯೇ?
ಮೇಲ್ಮನವಿಗೆ ತೊಂಬತ್ತು ದಿನ,
ಅದು ಕಳೆದು ಇನ್ನೂರ ಹದಿನೇಳು.
ಕಾರಣ ಎಂಬಲ್ಲಿ
ಅರ್ಜಿದಾರನಿಗೆ ಕಾನೂನಿನ ಅರಿವಿರಲಿಲ್ಲ ಎಂದು ಬರೆದಿದ್ದೀರಿ.
ಆಗಲಿ, ಸಹಿ ಹಾಕುತ್ತೇನೆ. ಹೆಬ್ಬೆಟ್ಟು ಬೇಡ, ಪೆನ್ನು ಕೊಡಿ.
ನಿಮಗೆ ಮಾತ್ರ ಹೇಳುತ್ತೇನೆ:
ಅರಿವಿತ್ತು. ತೊಂಬತ್ತು ದಿನವೆಂದು ನೀವೇ ಅವತ್ತು
ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಹೇಳಿದ್ದಿರಿ.
ಮುಂದಿನ ಸೀಸನ್ನಿಗೆ ಹತ್ತುತ್ತೇನೆ ಅಂದುಕೊಂಡಿದ್ದೆ.
ಹತ್ತುವವನು ಹೆಚ್ಚು ಕೇಳುವುದು ತಪ್ಪು
ಅಂದುಕೊಂಡಿದ್ದೆ.