ಎರಡೂ ಬದಿ

ಜೂನ್ ಬಂತಂದ್ರ ನನ್ನ ಮಷೀನಿಗಿ ಜ್ವರ.
ಸರಕಾರಿ ಪಿಯು ಕಾಲೇಜಿನ ಗೇಟಿಗಿ ಎದುರಿಗೇ
ಆರು ಫೂಟ್ ಅಗಲದ ಝೆರಾಕ್ಸ್ ಅಂಗಡಿ ನಂದು,
ಮ್ಯಾಲ ತಗಡು, ಹಿಂದ ಯಾದಗಿರಿ ಗುಡ್ಡ.
ಹತ್ತಕ್ಕ ಶಟರ್ ಎತ್ತಿದ್ರ
ಒಂಬತ್ತರಿಂದ ಪಾಳಿ ನಿಂತಿರ್ತದ.

ಏನೇನು ಬೇಕು ಅಂತ ನನ್ನೇ ಕೇಳ್ತಾರ,
ಕಾಲೇಜಿನ ನೋಟೀಸ್ ಬೋರ್ಡಿಗಿ ಬಿಸಿಲು ಬಡದು
ಅಕ್ಷರ ಎಲ್ಲಾ ಬೆಳ್ಳಗ ಆಗ್ಯಾವ.
ಹತ್ತನೇದ್ದು ಮಾರ್ಕ್ಸ್ ಕಾರ್ಡು, ಟಿಸಿ, ಜಾತಿ-ಆದಾಯ,
ಆಧಾರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲನೇ ಹಾಳಿ,
ಫೋಟೋ ಆರು, ಹಿಂದ ನೀಲಿ ಇರಬೇಕು, ಹಲ್ಲು ಕಾಣಬಾರದು.
ಮೂರು ಸೆಟ್. ಎರಡೂ ಬದಿ.
ಹಿಂದಿನ ಬದಿ ಖಾಲಿ ಇದ್ರೂ ಎರಡೂ ಬದಿ,
ಖಾಲಿ ಅದ ಅಂತ ಅವರಿಗಿ ಗೊತ್ತಾಗಬೇಕಲ್ಲ.

ಹಂಗಾಗಿ ಊರಿನ ಗುಟ್ಟೆಲ್ಲಾ ನನ್ನ ಗಾಜಿನ ಮ್ಯಾಲ
ಒಂದೊಂದು ಸೆಕೆಂಡ್ ಬೋರಲು ಮಲಗಿ ಹೋಗ್ಯಾವ.
ಯಾರ ಅಪ್ಪನ ಆದಾಯ ಹನ್ನೊಂದು ಸಾವಿರ, ವರ್ಷಕ್ಕ
(ಅವನ ಬುಲೆಟ್ ಗಾಡಿ ನನ್ನ ಅಂಗಡಿ ಮುಂದೇ ನಿಂತಿರ್ತದ),
ಯಾರ ಗಣಿತ ಮೂವತ್ತೈದಕ್ಕ ಜೋತು ಬಿದ್ದದ,
ಯಾರ ತಾಯಿ ಹೆಸರಿನ ಜಾಗದಾಗ
ಮಾಸ್ತರ ಅವಸರಕ್ಕ ಅಜ್ಜಿ ಹೆಸರು ಬರದಾನ.
ಎಲ್ಲಾರ ಟಿಸಿದಾಗೂ ಒಂದೇ ಮಾತು: ನಡತೆ ಉತ್ತಮ.
ಹತ್ತೊಂಬತ್ತು ವರ್ಷದಾಗ ಕೆಟ್ಟ ನಡತೆಯವ
ಒಬ್ಬನೂ ನನ್ನ ಗಾಜಿನ ಮ್ಯಾಲ ಬಂದಿಲ್ಲ.

ಕಡೀ ದಿನ ಬಂದಳು ಜಮುನಾ,
ಠಾಕ್ರು ಚವ್ಹಾಣನ ಮಗಳು, ಗುರುಮಠಕಲ್ ಕಡಿ ತಾಂಡಾದಾಕಿ.
ಸೈನ್ಸ್ ಬೇಕಂತ.
ಕಿಟಕಿಯವ ಎರಡು ಸಲ ಹೊಳ್ಳಿ ಕಳಿಸ್ಯಾನ:
ಮೂರು, ನಾಕನೇ ಇಯತ್ತೆ ಎಲ್ಲಿ ಓದೀದಿ?
ಪುಣೆದಾಗ್ರಿ. ಅಪ್ಪ ಅವ್ವ ಬಿಲ್ಡಿಂಗ್ ಕೆಲಸಕ್ಕ ಹೋದಾಗ.
ಸಾಲಿ ಹೆಸರು?
ಸಾಲಿಗಿ ಹೆಸರಿದ್ದಿಲ್ರಿ, ತಗಡಿನ ಶೆಡ್ಡು,
ಬಿಲ್ಡಿಂಗ್ ಮುಗದ ಮ್ಯಾಲ ಅದನ್ನೂ ಬಿಚ್ಚಿದ್ರು.

ಆಮ್ಯಾಲ ಹೆಸರಿಂದು.
ಮಾರ್ಕ್ಸ್ ಕಾರ್ಡಿನಾಗ ಯಮುನಾ, ಆಧಾರದಾಗ ಜಮುನಾ.
ಎರಡೂ ಒಂದೇ ಹೊಳಿ ಅಲ್ಲೇನ್ರಿ ಸರ್, ಅಂದಳಂತ.
ಭೀಮಾ ನೀರು ಕುಡದು ಬೆಳದ ಮನಷ್ಯಾ, ನಗಲಿಲ್ಲಂತ.
ಹೊಳಿ ಬ್ಯಾಡ, ಅಫಿಡವಿಟ್ ತಗೊಂಡು ಬಾ.

ನೋಟರಿ ಕಡಿ ಓಡಿದಳು, ಬಂದಳು, ಮೂರು ಸೆಟ್ ಅಂದಳು.
ನಡುವೇ ಕರೆಂಟ್ ಹೋಯ್ತು. ಮಷೀನಿನ ಹೊಟ್ಟಿದಾಗ
ಆಕಿ ಅಪ್ಪನ ಆದಾಯ ಅರ್ಧಕ್ಕ ಸಿಕ್ಕೊಂಡು ನಿಂತ್ತು.
ನಲವತ್ತು ನಿಮಿಷ. ಇಬ್ಬರೂ ಮಾತಾಡಲಿಲ್ಲ.
ಫೋಟೋದ ಹಿಂದ ಹೆಸರು ಬರಕೋತ ಕೂತಳು,
ಆರರ ಮ್ಯಾಲೂ. ಮೂರು ಯ, ಮೂರು ಜ.

ಕರೆಂಟ್ ಬಂತು. ಹೋದಳು.
ನಾಕೂವರಿಗಿ ಮುಚ್ಚಳ ಎತ್ತಿ ನೋಡ್ತೀನಿ,
ಗಾಜಿನ ಮ್ಯಾಲ ಟಿಸಿ. ಒರಿಜಿನಲ್.
ಐದಕ್ಕ ಕಿಟಕಿ ಬಂದ್.

ಖರೆ ಹೇಳ್ತೀನಿ, ಆ ಗೇಟು ನಾ ದಾಟಿದ್ದೇ ಇಲ್ಲ.
ಹತ್ತನೇದ್ದು ಇಂಗ್ಲಿಷಿನಾಗ ನಂದು ಇಪ್ಪತ್ತೆಂಟು,
ಮತ್ತ ಕಟ್ಟೀನಿ, ಮತ್ತ ಇಪ್ಪತ್ತೆಂಟೇ.
ಒಳಗಿನ ಕ್ಯಾಂಟೀನಿನಾಗ ಚಹಾ ಚಲೋ ಅದ ಅಂತಾರ,
ಆದ್ರೂ ಹೋಗಿದ್ದಿಲ್ಲ.
ಶಟರ್ ಅರ್ಧ ಇಳಿಸಿ ಓಡ್ದೆ.
ಕಾಕಾ, ಹಿಂದ ನಿಂದ್ರು, ಅಂದ್ರು ಹುಡುಗರು.
ನಿಂತೆ.
ಕಿಟಕಿಯವ ತಲಿ ಎತ್ತದೇ ಕೈ ಚಾಚಿದ:
ನಿಂದೇನು, ಸೈನ್ಸಾ ಆರ್ಟ್ಸಾ?
ಉತ್ತರ ಬಾಯಿಗಿ ಬರೋತನಕ
ಟಿಸಿ ಒಳಗ ಹೋಗಿತ್ತು.

ಆಕಡಿ ಕಟ್ಟಿ ಮ್ಯಾಲ ಜಮುನಾ
ಚೀಲ ಪೂರಾ ಸುರುವಿ ಹುಡಕಲಕತ್ತಿದ್ದಳು.
ಕೂಗಿ ಹೇಳ್ದೆ. ಕೇಳ್ತೋ ಇಲ್ಲೋ.
ಪುಣೆದ್ದು ಆ ಎರಡು ವರ್ಷ ಏನಾಯ್ತೋ, ಅದೂ ಗೊತ್ತಿಲ್ಲ.

ಹೊಳ್ಳುವಾಗ ಕಿಟಕಿಯವ ಕರದ:
ಹೆಂಗೂ ಬಂದೀದಿ, ಈ ಖಾಲಿ ಅರ್ಜಿ
ಇಪ್ಪತ್ತು ಪ್ರತಿ ಮಾಡ್ಕೊಂಡು ಬಾ.
ದಂಡ ಕಟ್ಟಿ ಸೇರೋರಿಗಿ ಇನ್ನೊಂದು ವಾರ ಕೊಟ್ಟಾರ.

ಇಪ್ಪತ್ತು ಒತ್ತಿದ್ದೆ. ಇಪ್ಪತ್ತೊಂದು ಬಂದ್ವು.
ಹೆಚ್ಚಿಂದು ಗಲ್ಲೆದಾಗ ಅದ,
ಚಿಲ್ಲರ ಕೆಳಗ.