ಭೂಮಿಗೆ ಎರಡು ಬಕೆಟ್

ಪೆನ್ಷನ್ ಮೊಹಲ್ಲಾದಲ್ಲಿ ಮಹಡಿ ಮೇಲೊಂದು ಕೋಣೆ.
ಗೋಡೆಗೆ ಶಾಮಿಯಾನದವರು ಬಿಸಾಕಿದ ಜಮಖಾನ,
ಕಿಟಕಿಗೆ ಹತ್ತಿಯ ಹಾಸಿಗೆ.
ಆಟೋ, ನಾಯಿ, ಸಿಲಿಂಡರ್ ಉರುಳಿಸುವ ಹುಡುಗ,
ಹಾಸನವನ್ನೆಲ್ಲ ಹೊರಗೇ ನಿಲ್ಲಿಸಿದ್ದೆ.

ಆದರೂ ಹೆಡ್‌ಫೋನಿನಲ್ಲಿ
ಗುಂಯ್.
ಗೋಡೆ ದಾಟಿ ಬಂದದ್ದಲ್ಲ,
ತಂತಿಯೊಳಗೇ ಸಂಸಾರ ಹೂಡಿದ್ದು.

ಜೆಸಿಂತಾ ರಾತ್ರಿ ಪಾಳಿ ಮುಗಿಸಿ ನೇರ ಬರುತ್ತಾಳೆ,
ಕೈಗೆ ಇನ್ನೂ ಸ್ಪಿರಿಟ್ಟಿನ ವಾಸನೆ.
ಕೆಂಪು ಗಿಟಾರ್ ತೊಡೆಯ ಮೇಲಿಟ್ಟು
ತಂತಿ ಮುಟ್ಟಿದರೆ ಗುಂಯ್ ತಗ್ಗುತ್ತದೆ,
ಬೆರಳೆತ್ತಿದರೆ ಮತ್ತೆ ಶುರು.
ಕೂಸು ಇದು, ಅಂದಳು. ಕೈ ತೆಗೆದರೆ ಗೊತ್ತಾಗಿಬಿಡುತ್ತೆ.

ಒಂದೊಂದೇ ಆರಿಸಿದೆವು.
ಟ್ಯೂಬ್‌ಲೈಟು ಹೋಯಿತು, ಸದ್ದಿನ ಒಂದು ಎಳೆ ಹೋಯಿತು.
ಫ್ಯಾನಿನ ರೆಗ್ಯುಲೇಟರ್, ಅದು ಜೀರುಂಡೆ.
ಕರೆ ಬರುವ ಮೊದಲೇ ಟಿಕಿಟಿಕಿ ಟಿಕಿಟಿಕಿ
ಚಾಡಿ ಹೇಳುವ ಮೊಬೈಲನ್ನು
ಮೆಟ್ಟಿಲ ಮೇಲೆ ಚಪ್ಪಲಿಯೊಳಗೆ ಮಲಗಿಸಿದೆ.
ಕೆಳಗೆ ಶಾಕಿರಾಬಿಯವರ ಐಸ್‌ಕ್ಯಾಂಡಿ ಫ್ರೀಜರ್.
ಇಪ್ಪತ್ತು ನಿಮಿಷ ನಿಲ್ಲಿಸ್ತೀರಾ ಅಂದರೆ
ಹದಿನೈದು, ಅಂದರು.
ಆಮೇಲೆ ಕಿತ್ತಳೆ ಕರಗಿ ಹಸಿರಿಗೆ ಸೇರುತ್ತೆ.

ಕಂಪ್ಯೂಟರಿನಲ್ಲಿ ಗೇಟ್ ಹಾಕಿ ನೋಡಿದೆ,
ಸದ್ದು ಸಣ್ಣದಾದೊಡನೆ ಬಾಗಿಲು ಹಾಕುವ ಕಾವಲುಗಾರ.
ಅವನು ಗುಂಯ್ ಜೊತೆ ಸ್ವರದ ಬಾಲವನ್ನೂ ಕತ್ತರಿಸಿದ.
ಕೊನೇ ಮಾತು ಮುಗಿಯುವ ಮುಂಚೆ
ಯಾರೋ ಫೋನ್ ಇಟ್ಟ ಹಾಗಾಯಿತು.
ತೆಗೆದೆ.

ತಿರುಗು, ಅಂದೆ. ಕುರ್ಚಿ ಸಮೇತ.
ಸೀಗೆಗುಡ್ಡದ ಕಡೆ ಜಾಸ್ತಿ.
ಬಸ್‌ಸ್ಟ್ಯಾಂಡಿನ ಕಡೆ ಕಮ್ಮಿ.
ಇನ್ನೂ ಒಂದು ಗೇಣು, ಇನ್ನೊಂದಿಷ್ಟು,
ಮುಖ ಗೋಡೆಗೆ, ಬೆನ್ನು ನನಗೆ ಆದಾಗ ಬಹಳ ಕಮ್ಮಿ.
ಹೀಗೆ ಕೂತು ಯಾರಾದರೂ ನುಡಿಸ್ತಾರಾ,
ಕೇಳಿದಳು ಗೋಡೆಯನ್ನು.
ವಾರ್ಡಿನಲ್ಲಿ ಮಾನಿಟರ್ ಸದ್ದು ನಿಂತರೆ ಓಡಬೇಕು ನಾನು.
ಇಲ್ಲಿ ನಿಲ್ಲಲಿ ಅಂತ ಕಾಯ್ತಾ ಕೂತಿದೀನಿ.

ಉಳಿದದ್ದು ಅಷ್ಟೇ ಅಷ್ಟು. ಆದರೆ ಉಳಿಯಿತು.
ಸೆಕೆಂಡಿಗೆ ಐವತ್ತು ಸಲ,
ಊರಿಗೆಲ್ಲ ಒಂದೇ ಶ್ರುತಿ ಹಿಡಿದ ಕೆಇಬಿ ತಂಬೂರಿ,
ಗಿಟಾರಿನ ಯಾವ ಮೆಟ್ಟಿಲ ಮೇಲೂ ಸರಿಯಾಗಿ ಕೂರದೆ
ಎರಡು ಸ್ವರದ ಸಂದಿಯಲ್ಲಿ ಕಾಲು ಚಾಚಿಕೊಂಡು.

ಧರಣೇಂದ್ರಯ್ಯ ಬಂದರು, ಕಿವಿಯ ಮೇಲೆ ಟೆಸ್ಟರ್.
ಪ್ಲಗ್ಗಿನ ಮೂರನೇ ತೂತಿಗೆ ಬಲ್ಬು ಹಚ್ಚಿ
ಅದು ಮಿಣುಮಿಣುಕಿದ್ದನ್ನು ಬಹಳ ಹೊತ್ತು ನೋಡಿ
ನೆಲ ಒಣಗಿದೆ, ಅಂದರು.
ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಪಕ್ಕ
ಓನರ್ ಟೈಲ್ಸ್ ಹಾಕಿಸುವಾಗ ಮುಚ್ಚಿಸಿದ್ದ ಗುಂಡಿ.
ಉಳಿ, ಸುತ್ತಿಗೆ, ಅರ್ಧ ದಿನ.
ತುಕ್ಕು ಹಿಡಿದ ಪೈಪು.
ಅದರ ಬುಡಕ್ಕೆ ಒಂದು ಪುಟ್ಟಿ ಇದ್ದಿಲು,
ಐದು ಕೆಜಿ ಕಲ್ಲುಪ್ಪು,
ಎರಡು ಬಕೆಟ್ ನೀರು.
ಮಣ್ಣು ಅದನ್ನು ಕುಡಿದ ಸದ್ದು
ರೆಕಾರ್ಡ್ ಮಾಡಿಕೊಳ್ಳಬೇಕಿತ್ತು. ಮರೆತೆ.

ಮೇಲೆ ಬಂದು ಹೆಡ್‌ಫೋನ್ ಹಾಕಿಕೊಂಡರು.
ಜೆಸಿಂತಾ ತಂತಿ ಬಿಟ್ಟು ಎರಡೂ ಕೈ ಎತ್ತಿದಳು,
ಪೊಲೀಸರ ಮುಂದೆ ನಿಂತವಳ ಹಾಗೆ.
ಏನೂ ಕೇಳಿಸ್ತಿಲ್ಲವಲ್ರೀ! ಗಾಬರಿ ಅವರಿಗೆ.
ಅದೇ, ಅಂದೆ. ಅದಕ್ಕೇ ಈ ದುಡ್ಡು.
ಎಣಿಸಿ ಜೇಬಿಗಿಟ್ಟುಕೊಂಡು
ಮತ್ತೊಮ್ಮೆ ಕೇಳಿ ಹೆಡ್‌ಫೋನ್ ಈಸಿಕೊಂಡರು.
ಮೂವತ್ತೆಂಟು ವರ್ಷ ವೈರ್ ಎಳೆದ ಮನುಷ್ಯ
ಕಣ್ಣು ಮುಚ್ಚಿದರು.
ಜೆಸಿಂತಾ ನುಡಿಸಲು ಹೋದರೆ ಕೈ ಅಡ್ಡ ಹಿಡಿದರು:
ತಡೀರಮ್ಮ, ಇನ್ನೊಂದು ಸ್ವಲ್ಪ.

ಈಗ ಶನಿವಾರ ಶನಿವಾರ
ಪೈಪಿನ ಬಾಯಿಗೆ ಒಂದು ಬಕೆಟ್ ಹುಯ್ಯುತ್ತೇನೆ.
ಅದನ್ನೇ ನಾಲ್ಕು ವಾರ ನೋಡಿದ ಶಾಕಿರಾಬಿ
ಏನು ಹಾಕಿದೀರಾ ಅಲ್ಲಿ, ಅಂದರು.
ಏನೂ ಇಲ್ಲ, ಅಂದೆ.
ಬಿಟ್ಟಾಗ ನಮಗೂ ಒಂದು ಕೊಡಿ, ಅಂದರು.